ತಂಬೂರಿನ ತತ್ತಿ, ಗೌರವ್ವನ ಕಣ್ಣು

ಧಾರವಾಡದಿಂದ ಮುಂಜಾನೆ ಏಳರ ಬಸ್ಸು ಹತ್ತಿದಾಗ ನನ್ನ ಕೈಯಲ್ಲಿ ಖಾಲಿ ಬುಟ್ಟಿ, ಹೊಟ್ಟೆಯಲ್ಲಿ ಸಿಟ್ಟು. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆದರೆ ಕೂರಲು ಜಾಗವಿಲ್ಲ. ಕಲಘಟಗಿಯಲ್ಲಿ ಮಿರ್ಚಿ-ಮಂಡಕ್ಕಿ ತಿಂದು, ಬಸ್ಸು ಬದಲಿಸಿ ತಂಬೂರು ಮುಟ್ಟುವಾಗ ಚಳಿ ಬಿಟ್ಟು ಬಿಸಿಲು ಬಿದ್ದಿತ್ತು.

ನನ್ನ ಸಂಶೋಧನೆ ರಕ್ತನಾಳಗಳ ಮೇಲೆ. ಕ್ಯಾನ್ಸರ್ ಗಡ್ಡೆ ತಾನು ಬೆಳೆಯಲು ಹೊಸ ನಾಳಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಅದನ್ನು ತಡೆಯುವ ಮದ್ದು ಹುಡುಕುವವರು ಕಾವಿಗಿಟ್ಟ ತತ್ತಿಯಲ್ಲಿ ಪರೀಕ್ಷಿಸುತ್ತಾರೆ. ಅದರ ಪೊರೆಯಲ್ಲಿ ನಾಳ ಬೆಳೆಯುವುದು ಬರಿಗಣ್ಣಿಗೇ ಕಾಣುತ್ತದೆ. ನಾಲ್ಕು ವರ್ಷಗಳಿಂದ ನನಗೆ ಜವಾರಿ ತತ್ತಿ ಕೊಡುವವರು ಇಲ್ಲಿನ ಗೌರವ್ವ. ಐದು ದಿನ ಕೋಳಿಯ ಕೆಳಗಿಟ್ಟು, ಕತ್ತಲೆ ಕೋಣೆಯಲ್ಲಿ ಬಾಗಿಲ ಸಂದಿಯ ಬಿಸಿಲಿಗೆ ಒಂದೊಂದನ್ನೇ ಹಿಡಿದು, ನಾಳದ ಕೆಂಪು ಎಳೆ ಮೂಡಿದ್ದನ್ನಷ್ಟೇ ಕೊಡುತ್ತಿದ್ದರು. ಕಳೆದ ಸಲದ ಬುಟ್ಟಿಯಲ್ಲಿ ಮಾತ್ರ ಅರ್ಧಕ್ಕರ್ಧ ತತ್ತಿಗಳಲ್ಲಿ ಎಳೆಯೇ ಇರಲಿಲ್ಲ. ಮುದುಕಿ ಮೋಸ ಕಲಿತಳೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

"ಬಾ ತಂಗಿ, ಕುಂದರು" ಎಂದು ಚಹಾ ಕೊಟ್ಟರು. ಆಮೇಲೆ ಬಾಗಿಲು ಮುಂದಕ್ಕೆಳೆದು ಸಂದಿಯ ಬಿಸಿಲಿಗೆ ತತ್ತಿ ಹಿಡಿದರು.

"ಇದರಾಗ ಎಳಿ ಅದಾವ. ಇದರಾಗೂ ಅದಾವ."

ನಾನು ಬಗ್ಗಿ ನೋಡಿದೆ. ಎರಡನೆಯದರಲ್ಲಿ ಹಳದಿ ಬೆಳಕಷ್ಟೇ ಇತ್ತು.

"ಇದು ಖಾಲಿ ಐತಲ್ರಿ ಗೌರವ್ವಾರ" ಎಂದೆ. ದನಿ ಒರಟಾಗಿಯೇ ಇತ್ತು.

ಅವರು ತತ್ತಿಯನ್ನು ಕಣ್ಣಿನ ಹತ್ತಿರ ತಂದರು. "ಹೌದೇನು? ನನಗ ಈಗೀಗ ಎಲ್ಲಾದರಾಗೂ ಎಳಿ ಕಾಣ್ತಾವ. " ಗೋಡೆಯತ್ತ ಕೈ ತೋರಿಸಿದರು. "ಆ ಗ್ವಾಡಿ ಮ್ಯಾಲೂ ಕಾಣ್ತಾವ. ಕರ್ರಗ ತೇಲಾಡ್ತಾವ."

ಅವರು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳದ್ದನ್ನು ನಾಲ್ಕು ವರ್ಷ ನೋಡಿದ್ದೆ. ಸಕ್ಕರೆ ಕಾಯಿಲೆಯವರ ಕಣ್ಣೊಳಗೆ ಬೇಡದ ನಾಳ ಬೆಳೆದು, ಒಡೆದು, ರಕ್ತ ಸೋರಬಹುದು; ಅದೇ ಕಣ್ಣೆದುರು ಕಪ್ಪು ಎಳೆಯಾಗಿ ತೇಲುತ್ತದೆ. ಇದನ್ನು ಪಾಠ ಮಾಡುವವಳು ನಾನು. ಅಗದಿ ನಾಚಿಕೆಯಾಯಿತು.

"ಇವತ್ತ ಹುಬ್ಬಳ್ಳಿಗೆ ಹೋಗೂಣ್ರಿ. ಕಣ್ಣು ತೋರಸೂಣು."

"ಮತ್ತ ತತ್ತಿ?"

"ಇರಲಿ ಬಿಡ್ರಿ."

ಕೋಳಿಗಳನ್ನು ಸೊಸೆಗೆ ಒಪ್ಪಿಸಿ ಹೊರಟರು. ಬಸ್ಸು ಕಲಘಟಗಿ ದಾಟಿದ ಮೇಲೆ ಗೌರವ್ವ ಕೇಳಿದರು: "ಹೋದ ಕಣ್ಣಿನ ನದರ ತಿರುಗಿ ಬರ್ತೈತೇನು?"

"ಅದನ್ನ ಡಾಕ್ಟರ್ ಹೇಳಬೇಕ್ರಿ. ಇದ್ದದ್ದು ಉಳಸಾಕ ಇಂಜೆಕ್ಷನ್ ಅದಾವ."

ಕಣ್ಣೊಳಗೂ ತತ್ತಿಯಲ್ಲಿರುವಂಥ ಎಳೆ ಮೂಡುತ್ತವೆ, ಅವನ್ನು ತಡೆಯುವ ಮದ್ದಿನ ಹಿಂದೆ ಇಂಥ ತತ್ತಿಗಳಲ್ಲಿ ನೋಡಿ ಕಲಿತದ್ದೂ ಇದೆ ಎಂದು ಹೇಳಿದೆ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೋಣೆ ಕತ್ತಲು ಮಾಡಿ, ಅವರ ಕಣ್ಣಿಗೆ ಬೆಳಕು ಹಿಡಿದರು. ಗೌರವ್ವ ಅಲುಗದೆ ಕುಳಿತಿದ್ದರು.

"ಎಳಿ ಮೂಡ್ಯಾವೇನ್ರಿ?"

"ಮೂಡ್ಯಾವ್ರಿ ಅವ್ವಾರ. ಎರಡೂ ಕಣ್ಣಾಗ. ಇನ್ನ ತಡ ಮಾಡಬ್ಯಾಡ್ರಿ."

ಎಳೆ ಮೂಡಿವೆ ಎಂಬ ಮಾತು ಕೇಳಲೆಂದೇ ನಾನು ನಾಲ್ಕು ವರ್ಷ ತಂಬೂರಿನ ಬಸ್ಸು ಹತ್ತಿದ್ದೆ. ಖಾಲಿ ಬುಟ್ಟಿ ಕೆಳಗಿಟ್ಟು ಹತ್ತಿರ ಹೋದೆ. ಗೌರವ್ವ ಕತ್ತಲೆಯಲ್ಲಿ ಕೈಚಾಚಿ ನನ್ನ ಕೈ ಹುಡುಕುತ್ತಿದ್ದರು.