ಗಾಡಿ ನೆಲದ ಮೇಲಿತ್ತೇನು?

ಮೌಲಾಸಾಬ ಶಾಫ್ಟನ್ನು ಸರಿಯಾಗಿಯೇ ಕತ್ತರಿಸಿದ್ದ. ತಪ್ಪು ಅಳತೆ ಕೊಟ್ಟವಳು ನಾನು. ತಪ್ಪೆಂದು ಅರ್ಧ ಗೊತ್ತಾದ ಮೇಲೂ ಊರೂರಲ್ಲಿ ಅವನ ಹೆಸರು ಕೆಡಿಸಿದವಳೂ ನಾನೇ. ನಡೆದದ್ದು ಇಷ್ಟು. ಅವಸರವಿದ್ದವರು ಇಲ್ಲಿಗೇ ಎದ್ದು ಹೋಗಬಹುದು. ನಾನು ಮೂರನೆಯ ತರಗತಿಯವರೆಗೆ ಓದಿದವಳು, ಬರೆಯುವುದು ನಿಧಾನ. ಅಷ್ಟರಲ್ಲಿ ಮಾತು ಅತ್ತಿತ್ತ ಹೋಗಿಬರುತ್ತದೆ.

ಶಾಫ್ಟು ಅಂದರೆ ಜೀಪಿನ ಹೊಟ್ಟೆಯ ಕೆಳಗೆ ಮಲಗಿರುವ ಕಬ್ಬಿಣದ ಕೊಳವೆ. ಮುಂದಿನ ಗೇರ್ ಬಾಕ್ಸು ತಿರುಗಿದ್ದನ್ನು ಹಿಂದಿನ ಗಾಲಿಗಳಿಗೆ ಮುಟ್ಟಿಸುವುದು ಅದರ ಕೆಲಸ. ನನ್ನ ಮಗ ದುರಗಪ್ಪನದೊಂದು ಹಳೆಯ ಜೀಪು. ನಮ್ಮೂರು ಮಸರಕಲ್ಲಿನ ಹೆಂಗಸರನ್ನು ಹತ್ತಿ ಬಿಡಿಸಲು ಮಾನ್ವಿ ಕಡೆಯ ಹೊಲಗಳಿಗೆ ಒಯ್ದು, ಸಂಜೆ ತಿರುಗಿ ತಂದು ಬಿಡುತ್ತಾನೆ. ಅದರ ಗೇರ್ ಬಾಕ್ಸು ಕೆಟ್ಟಾಗ ಗುಜರಿಯಿಂದ ಬೇರೆ ಗಾಡಿಯದೊಂದು ತಂದು ಕೂಡಿಸಿದ. ಇದು ಹಳೆಯದಕ್ಕಿಂತ ಮುಷ್ಟಿಯಷ್ಟು ಉದ್ದ. ಹಾಗಾಗಿ ಅದರ ಹಿಂದಿನ ಶಾಫ್ಟನ್ನು ಮೋಟು ಮಾಡಬೇಕಾಯಿತು.

ಅಳತೆ ಅಂದರೆ ನನಗೆ ಮೊದಲಿನಿಂದಲೂ ಸೊಕ್ಕು. ನಲವತ್ತು ವರ್ಷ ಕೌದಿ ಹೊಲಿದಿದ್ದೇನೆ. ಗೇಣು ಹಾಕಿ ಹೇಳಿದರೆ ಟೇಪು ಹಿಡಿದವರು ನಾಚಬೇಕು. ಕೂಸಿನ ಉಡಿದಾರಕ್ಕೆ ಎಷ್ಟು ಸಡಿಲ ಬಿಡಬೇಕು, ಎರಡು ತಿಂಗಳಿಗೆ ಎಷ್ಟು ಬೆಳೆಯುತ್ತದೆ, ನನ್ನನ್ನೇ ಕೇಳಲು ಬರುತ್ತಾರೆ. ಕುಪ್ಪಸ ಹೊಲಿಯುವವನ ಮುಂದೆ ಹೆಂಗಸರು ಉಸಿರು ಬಿಗಿ ಹಿಡಿದು ನಿಲ್ಲುವುದನ್ನು ಕಂಡು ನಗುವವಳು ನಾನು. ಅಳೆಯುವಾಗ ಉಸಿರು ಹಿಡಿದರೆ ಉಣ್ಣುವಾಗ ಗುಂಡಿ ಕಿತ್ತು ಬರುತ್ತದೆ. ಕನ್ಯೆ ನೋಡಲು ಬಂದವರ ಮುಂದೆಯೂ ಅದೇ ಆಟ. ಹುಡುಗಿ ತಲೆ ಬಗ್ಗಿಸಿ ಚಹಾ ಕೊಟ್ಟು ಒಳಗೆ ಹೋದರೆ ಅಳತೆ ಮುಗಿಯಿತು ಅನ್ನುತ್ತಾರೆ. ಮನೆಯ ಭಾರ ಬಿದ್ದ ಮೇಲೆ ಅವಳು ಎಷ್ಟು ಬಾಗುತ್ತಾಳೆ, ಎಲ್ಲಿ ಒದೆಯುತ್ತಾಳೆ ಅನ್ನುವುದು ಅಲ್ಲಿ ತಿಳಿಯುವುದಿಲ್ಲ. ನನ್ನನ್ನು ನೋಡಲು ಬಂದವರಿಗೂ ತಿಳಿದಿರಲಿಲ್ಲ. ಆಮೇಲೆ ತಿಳಿಯಿತು.

ಇಷ್ಟೆಲ್ಲ ಬಲ್ಲವಳು ನಾನು. ಆದರೂ ಶಾಫ್ಟಿಗೆ ಅಳತೆ ತೆಗೆದ ದಿನ ಅಂಗಳದಲ್ಲಿ ಜೀಪಿನ ಹಿಂಭಾಗ ಜಾಕಿನ ಮೇಲಿತ್ತು. ಹಿಂದಿನ ಎರಡೂ ಗಾಲಿ ಗಾಳಿಯಲ್ಲಿ ಜೋತಾಡುತ್ತಿದ್ದವು. ದುರಗಪ್ಪ ಕೆಳಗೆ ನುಗ್ಗಿ ಟೇಪಿನ ಒಂದು ತುದಿ ಗೇರ್ ಬಾಕ್ಸಿಗೆ ಹಿಡಿದ. ಇನ್ನೊಂದು ತುದಿ ಹಿಂದೆ ಹಿಡಿದು ನಾನೇ ಅಂಕಿ ಓದಿದೆ. ಸೆರಗಿಗೆ ಗಂಟು ಹಾಕಿದಷ್ಟು ಭದ್ರವಾಗಿ ಆ ಅಂಕಿಯನ್ನು ನೆನಪಿಟ್ಟುಕೊಂಡೆ.

ಮರುದಿನ ದುರಗಪ್ಪನಿಗೆ ಜ್ವರ. ಶಾಫ್ಟನ್ನು ಹಳೆಯ ಕೌದಿಯಲ್ಲಿ ಸುತ್ತಿ ನಾನೇ ರಾಯಚೂರಿನ ಬಸ್ಸು ಹತ್ತಿದೆ.

"ಯವ್ವಾ, ಏನದು? ಕೂಸನ್ನ ಮಲಗಿಸಿದಂಗ ತೊಡಿ ಮ್ಯಾಲ ಇಟಗೊಂಡೀಯಲ್ಲ?" ಎಂದ ಕಂಡಕ್ಟರ್.

"ಹೌದಪಾ, ಮೊಮ್ಮಗ. ನಿನ್ನಂಗ ಅಲ್ಲ, ಬಾಯಿ ಮುಚಗೊಂಡು ಮಲಗ್ಯಾನ" ಎಂದೆ. ಬಸ್ಸು ನಕ್ಕಿತು. ನಾಲ್ಕು ಜನ ನಕ್ಕರೆ ನನಗೆ ಮೈ ಉಬ್ಬುತ್ತದೆ. ಅಂದಿನ ಕೇಡು ಶುರುವಾದದ್ದು ಅಲ್ಲಿಂದಲೇ ಇರಬೇಕು.

ಕಬ್ಬಿಣ ಕಡೆಯುವ ಮೌಲಾಸಾಬನ ಲೇತ್ ಅಂಗಡಿ ಸ್ಟೇಷನ್ ಕಡೆಯ ಒಂದು ಸಂದಿಯಲ್ಲಿದೆ. ಒಣಕಲು ಮನುಷ್ಯ, ಚಷ್ಮಾಕ್ಕೆ ಕಡ್ಡಿಯ ಬದಲು ದಾರ. ದೇವದುರ್ಗ, ಮಾನ್ವಿಯ ಜೀಪಿನವರೆಲ್ಲ ಶಾಫ್ಟಿನ ಕೆಲಸಕ್ಕೆ ಅವನಲ್ಲಿಗೇ ಹೋಗುತ್ತಿದ್ದರು. ಅಂದು ಅಂಗಡಿಯಲ್ಲಿ ಆರೇಳು ಜನರಿದ್ದರು. ನಾನು ಹೇಳಿದ ಅಂಕಿಯನ್ನು ಅವನು ಸುಣ್ಣದ ಕಡ್ಡಿಯಿಂದ ಗೋಡೆಯ ಮೇಲೆ ಬರೆದು, ತಿರುಗಿ ಕೇಳಿದ:

"ಅಕ್ಕಾ, ಅಳತಿ ತಗೊಳ್ಳುವಾಗ ಗಾಡಿ ನೆಲದ ಮ್ಯಾಲ ಇತ್ತೇನ್ರಿ?"

ಎಂಥ ಸಾದಾ ಪ್ರಶ್ನೆ! ಹೌದು ಅಥವಾ ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ನಾನು ಸೊಂಟದ ಮೇಲೆ ಕೈಯಿಟ್ಟು, "ನೆಲದ ಮ್ಯಾಲ ಇರದೇ ಆಕಾಶದಾಗ ಹಾರಾಡತೈತೇನೋ ಮೌಲಾಸಾಬ? ನಮ್ಮದು ಜೀಪು, ಇಮಾನ ಅಲ್ಲಪಾ" ಎಂದೆ.

ಆರೇಳು ಜನರೂ ಹೋ ಎಂದು ನಕ್ಕರು. ಒಬ್ಬ, "ಸಾಬ, ಮುದುಕಿ ಕೈಯಾಗ ಸಿಕ್ಕೀದಿ ಇವತ್ತ" ಎಂದ. ಮೌಲಾಸಾಬನ ಕಿವಿ ಕೆಂಪಾದವು. ಮತ್ತೆ ಕೇಳಲಿಲ್ಲ. ಕೊಳವೆ ಕತ್ತರಿಸಿ, ಬೆಸೆದು, ತಿರುಗಿಸಿ ನೋಡಿ, ನಾನು ತಂದ ಕೌದಿಯಲ್ಲೇ ಸುತ್ತಿ ಕೊಟ್ಟ.

ಖಾಲಿ ಜೀಪಿಗೆ ಅದು ಚೆಂದವಾಗಿ ಕೂತಿತು. ಹನ್ನೆರಡು ಹೆಂಗಸರು ಹತ್ತಿದ ಮೊದಲ ದಿನ, ಮಾನ್ವಿ ದಾರಿಯ ಉಬ್ಬಿನ ಮೇಲೆ ಗಾಡಿ ಎದ್ದು ಬಿದ್ದಾಗ ಶಾಫ್ಟು ಮುಂದಕ್ಕೆ ಗುದ್ದಿ ಗೇರ್ ಬಾಕ್ಸಿನ ಬೆನ್ನು ಒಡೆಯಿತು. ಎಣ್ಣೆಯೆಲ್ಲ ರಸ್ತೆಗೆ. ಯಾರಿಗೂ ಪೆಟ್ಟಾಗಲಿಲ್ಲ. ಹೆಂಗಸರು ಬುತ್ತಿ ಹೊತ್ತು ನಡೆದುಹೋದರು.

ಶಾಫ್ಟನ್ನು ಬಿಚ್ಚಿಸಿಕೊಂಡು ನಾನು ಮತ್ತೆ ರಾಯಚೂರಿಗೆ ಹೋದೆ. ಅಂಗಡಿಯ ಮುಂದೆ ನಿಂತು, "ಉದ್ದ ಇಟ್ಟೀಯಲ್ಲೋ! ಕಣ್ಣು ಕಾಣದಿದ್ರ ಮನ್ಯಾಗ ಕುಂದರು!" ಎಂದು ಸಂದಿ ತುಂಬ ಕೇಳುವ ಹಾಗೆ ಕೂಗಿದೆ. ಅವನು ಟೇಪು ಹಿಡಿದು ತೋರಿಸಿದ. ಬೇಕೆಂದೇ ಕಡಿಮೆ ಮಾಡಿದ ಒಂದು ಇಂಚು ಬಿಟ್ಟರೆ ಶಾಫ್ಟಿನ ಉದ್ದವೂ ಗೋಡೆಯ ಮೇಲಿನ ಅಂಕಿಯೂ ಕೂಡಿ ಬಂದವು.

"ಅಕ್ಕಾ, ಗಾಲಿ ಜೋತುಬಿದ್ದಾಗ ನಡುವಿನ ಜಾಗ ಹೆಚ್ಚು ಬರತದ. ಭಾರ ಬಿದ್ರ ಕಡಿಮಿ ಆಗತದ. ನೆಲದ ಮ್ಯಾಲಿಂದು ಅಳತಿ ಅಂತ ತಿಳಕೊಂಡು ಸರಿದಾಡಾಕ ಒಂದು ಇಂಚು ಆಟ ಬಿಟ್ಟಿದ್ದೆ. ಅದಕ್ಕ ಕೇಳಿದ್ದೆ ನಿಮ್ಮನ್ನ" ಎಂದ.

ಆಗ ನನಗೆ ಏನೂ ತಿಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಜೋತಾಡುವ ಗಾಲಿಗಳು ಕಣ್ಣ ಮುಂದೆ ಬಂದವು. ಬಂದದ್ದಕ್ಕೇ ಇನ್ನಷ್ಟು ಜೋರಾಗಿ ಕೂಗಿದೆ. "ಗ್ವಾಡಿ ಮ್ಯಾಲಿಂದು ನೀನ ತಿದ್ದಿ ಬರದೀದಿ" ಎಂದೂ ಅಂದೆ. ಅವನು ಲೇತಿನ ಕಡೆ ತಿರುಗಿದ. ದೇವದುರ್ಗದ ಜೀಪ್ ಸ್ಟ್ಯಾಂಡಿನಲ್ಲಿ, ಮಾನ್ವಿಯ ಸಂತೆಯಲ್ಲಿ, ಸಿಕ್ಕವರಿಗೆಲ್ಲ ಮೌಲಾಸಾಬನ ಕೈ ಕೆಟ್ಟಿತು ಎಂದು ಹೇಳಿಕೊಂಡು ಬಂದೆ. ಮುಖ ಮುಲಾಜಿಲ್ಲದೆ ಮಾತಾಡುವ ಮುದುಕಿ, ಸುಳ್ಳು ಹೇಳುವುದಿಲ್ಲ ಎಂದು ನನಗೊಂದು ಹೆಸರಿದೆ. ಆ ಹೆಸರೇ ಅವನಿಗೆ ಮುಳುವಾಯಿತು. ಜೀಪಿನವರು ಬೇರೆ ಅಂಗಡಿ ಹುಡುಕಿಕೊಂಡರು.

ಇದೆಲ್ಲ ಆಗಿ ಆರು ತಿಂಗಳಿಗೆ ದುರಗಪ್ಪನಿಗೆ ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ತೊಲೆಗೆ ಹಗ್ಗ ಕಟ್ಟಿದವಳು ನಾನು. ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲು ಮಲಗಿಸುವುದು ನಮ್ಮ ಪದ್ಧತಿ. ಕಲ್ಲು ಇಟ್ಟೊಡನೆ ಹಗ್ಗ ಜಗ್ಗಿ ತೊಟ್ಟಿಲು ನಾಲ್ಕು ಬೆರಳು ಕೆಳಗಿಳಿಯಿತು. ನಾನು ಮತ್ತೆ ಬಿಚ್ಚಿ ಕಟ್ಟತೊಡಗಿದೆ.

"ಅತ್ತಿ, ಮೊದಲ ಸರಿ ಇತ್ತಲ್ಲ?" ಎಂದಳು ಸೊಸೆ.

"ಖಾಲಿ ತೊಟ್ಟಲದ ಅಳತಿ ತಗೊಂಡು ಏನ ಮಾಡತೀ? ಭಾರ ಬಿದ್ದಾಗ ಎಲ್ಲಿ ನಿಲ್ಲತದೋ ಅದ ಅಳತಿ" ಎಂದೆ.

ಹಗ್ಗದ ಇನ್ನೊಂದು ತುದಿ ಹಿಡಿದಿದ್ದ ದುರಗಪ್ಪ ನಕ್ಕ. "ಯವ್ವಾ, ಮೌಲಾಸಾಬನೂ ಇದನ್ನೇ ಹೇಳಿದ್ದ ಅಂತ ನೀನ ಅಂದಿದ್ದಿಯಲ್ಲ?"

ಹೆಂಗಸರು ಹಾಡು ಶುರುಮಾಡಿದ್ದರು. ಗುಂಡುಕಲ್ಲು ನನ್ನನ್ನೇ ನೋಡುತ್ತಿತ್ತು ಎಂದೆಲ್ಲ ಬರೆಯುವುದಿಲ್ಲ, ಕಲ್ಲಿಗೆ ಕಣ್ಣಿಲ್ಲ. ಸಕ್ಕರೆ ಹಂಚುವುದನ್ನು ಸೊಸೆಗೆ ಒಪ್ಪಿಸಿ ಹಿತ್ತಲಿಗೆ ಹೋಗಿ ಕೂತೆ. ನಲವತ್ತು ವರ್ಷದ ಅಳತೆ ಬಲ್ಲ ಕೈ, ಆರೇಳು ಜನರ ನಗುವಿಗೆ ಸೋತಿತ್ತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ರಾಯಚೂರಿಗೆ ಹೋದೆ. ಅಂಗಡಿಯಲ್ಲಿ ಮೌಲಾಸಾಬ ಒಬ್ಬನೇ ಇದ್ದ. ನನ್ನನ್ನು ನೋಡಿ, "ಕುಂದರ್ರಿ ಅಕ್ಕಾ" ಎಂದು ಲೇತು ಚಾಲೂ ಮಾಡಿದ. ತಪ್ಪೊಪ್ಪಿಕೊಳ್ಳಲು ಒಳ್ಳೆಯ ಹೊತ್ತು, ಕೇಳುವವರು ಯಾರೂ ಇಲ್ಲ. ಅದಕ್ಕೇ ನಾನು ಬಾಯಿ ಬಿಡಲಿಲ್ಲ. ಅಂದಿದ್ದು ಜನರ ಮುಂದೆ, ಇದೂ ಜನರ ಮುಂದೆಯೇ ಆಗಬೇಕು ಎಂದು ಮುರುಕು ಸ್ಟೂಲಿನ ಮೇಲೆ ಕಾಯುತ್ತ ಕೂತೆ. ಆರು ಜನ ಬರಲಿ ಅಂದುಕೊಂಡಿದ್ದೆ. ಬಿಸಿಲು ಹೊಸ್ತಿಲಿಗೆ ಬಂದರೂ ಬಂದವರು ಇಬ್ಬರೇ. ಉಳಿದ ನಾಲ್ವರು ಯಾಕೆ ಬರಲಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಎದ್ದು ನಿಂತು ಹೇಳಿದೆ. ಲೇತಿನ ಸದ್ದಿಗೆ ಅವನಿಗೆ ಕೇಳಿಸಲಿಲ್ಲ. ಲೇತು ನಿಲ್ಲಿಸಿ, "ಏನಂದ್ರಿ ಅಕ್ಕಾ?" ಎಂದ.

"ಅವತ್ತ ಕೇಳಿದ್ದಿಯಲ್ಲ ನೀನು, ಗಾಡಿ ನೆಲದ ಮ್ಯಾಲ ಇತ್ತೇನಂತ" ಎಂದೆ, ಸಂದಿಯ ಆಚೆಗೂ ಕೇಳುವ ಹಾಗೆ. "ಇರಲಿಲ್ಲ ಮೌಲಾಸಾಬ. ಜಾಕಿನ ಮ್ಯಾಲ ಇತ್ತು."