ಹುರಿದ ಔಡಲ

ಗದ್ವಾಲದ ಜಮ್ಮುಲಮ್ಮನಿಗೆ ಔಡಲವೆಂದರೆ ಹುರಿಯಬೇಕು, ಕುಟ್ಟಬೇಕು, ಕುದಿಸಿ ಎಣ್ಣೆ ತೆಗೆಯಬೇಕು. ಹಸಿ ಬೀಜ ಅರೆಯುವವಳನ್ನು ಕಂಡರೆ ಅವಳ ಓಣಿಯ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು.

ನಿಜಾಮನ ರಾಜ್ಯದ ಗಡಿ ಬಂದಾಗಿ, ಕರ್ನೂಲಿನ ಕಡೆಯಿಂದ ಬರುತ್ತಿದ್ದ, ಸಾಬೂನಿಗೆ ಬೇಕಾದ ಕಾಸ್ಟಿಕ್ ಸೋಡಾ ನಿಂತುಹೋದ ವರ್ಷವದು. ರಜಾಕಾರರ ಠಾಣ್ಯಕ್ಕೆ ಸಾಬೂನು ಕೊಡುತ್ತೇನೆಂದು ಒಪ್ಪಿಕೊಂಡಿದ್ದ ಎಣ್ಣೆ ಮಿಲ್ಲಿನ ಸಾವಕಾರ ಭೀಮಯ್ಯನಿಗೆ ಪೀಕಲಾಟ. ಸೋಡಾದ ಬದಲಿಗೆ ಬಳಸಲು ಚೌಳು ಮಣ್ಣಿನ ತಿಳಿನೀರಿಗೆ ಬರವಿರಲಿಲ್ಲ, ಆದರೆ ಶೇಂಗಾ ಎಣ್ಣೆ ಅದಕ್ಕೆ ಜಗ್ಗಬೇಕಲ್ಲ! ಹಸಿ ಔಡಲ ಅರೆದು, ಹುಳಿ ಮಜ್ಜಿಗೆಯೊಂದಿಗೆ ಎಣ್ಣೆಗೆ ಕಲಸಿ ಬೆಚ್ಚಗಿಟ್ಟರೆ ಎಣ್ಣೆ ಒಡೆಯುತ್ತದೆ, ಆಮೇಲೆ ಚೌಳಿಗೂ ಬಗ್ಗುತ್ತದೆ ಎಂದು ಊರು ಬಿಟ್ಟುಹೋದ ಮೇಸ್ತ್ರಿ ಹೇಳಿದ್ದನಂತೆ. ಕೂಲಿಯ ಜಮ್ಮುಲಮ್ಮನಿಗೆ ಆ ಕೆಲಸ ಬಿತ್ತು.

ರೂಢಿಯ ಕೈ, ಮೊದಲ ಸಲ ಹುರಿದೇ ಅರೆದಳು. ಎಣ್ಣೆ ಹಾಗೇ ತೇಲಿತು. ಬೈಗುಳ ತಿಂದು, ಯಾಕೆ ಕೆಟ್ಟಿತೆಂದು ಹೇಳದೆ, ಮರುದಿನ ಹಸಿಯದನ್ನೇ ಅರೆದಳು. ಬೆಳಗಾಗುವಷ್ಟರಲ್ಲಿ ಎಣ್ಣೆ ಮೊಸರಿನಂತೆ ಗಟ್ಟಿಯಾಗಿತ್ತು. ಒಳ್ಳೆಯ ಸಾಬೂನು ಬಂತು, ಅವಳ ಗ್ರಹಚಾರವೂ ಬಂತು. ಗುಟ್ಟು ಹೊರಗೆ ಹೋಗಬಾರದೆಂದು ಭೀಮಯ್ಯ ಅವಳನ್ನು ಸಾಬೂನು ಮಾಡುವ ಹಿಂದಿನ ಕೋಣೆಯಲ್ಲಿಟ್ಟು ಬೀಗ ಜಡಿದ. ರೊಟ್ಟಿ ಕಿಟಕಿಯಿಂದ ಬರುತ್ತಿತ್ತು.

ಗಂಡನ ಊರು ಐಜದಲ್ಲಿ ಮಗಳು ಆಶಮ್ಮನಿಗೆ ಚೊಚ್ಚಲ ಬಸಿರು, ದಿನ ತುಂಬುತ್ತಿದ್ದವು. ಜಮ್ಮುಲಮ್ಮ ಕೋಣೆಯಲ್ಲಿ ದಿನ ಎಣಿಸುತ್ತಿದ್ದಳು.

ಕೊನೆಗೆ ಹಿಂದೂಸ್ತಾನದ ಫೌಜು ಬಂತು, ರಜಾಕಾರರು ದಿಕ್ಕಾಪಾಲಾದರು. ಭೀಮಯ್ಯ, ಎಷ್ಟು ಚುರುಕು ನೋಡಿ, ಅವತ್ತೇ ಮಿಲ್ಲಿನ ಮೇಲೆ ಮೂರು ಬಣ್ಣದ ಬಾವುಟ ಕಟ್ಟಿಸಿದ.

"ನಿಜಾಮನ ರಾಜ್ಯ ಹೋತಂತಲ್ರೀ ಸಾವಕಾರ್ರ, ಇನ್ನರ ಕದ ತೆಗೀರಿ. ಮಗಳ ಹಂತ್ಯಾಕ ಹೋಗಾಕ ಬೇಕು," ಎಂದು ಜಮ್ಮುಲಮ್ಮ ಅಂಗಲಾಚಿದಳು.

"ರಾಜ್ಯ ಹೋಗೇತಿ, ಮೈ ತೊಳಕೊಳ್ಳೋ ಮಂದಿ ಎಲ್ಲಿ ಹೋಗ್ಯಾರ?" ಎಂದು ಭೀಮಯ್ಯ ನಕ್ಕ.

ಅವಳು ಅತ್ತಳು. ಅತ್ತು ಸಾಕಾದ ಮೇಲೆ ಸಿಟ್ಟು ಬಂತು. ಸಾಬೂನು ಕಾಸುವ ಒಲೆ ಹೊತ್ತಿಸಿ ಚೀಲದ ಔಡಲವನ್ನೆಲ್ಲ ಹುರಿದು ಅರೆದುಬಿಟ್ಟಳು. ಎಣ್ಣೆ ಮಿಲ್ಲಿನಲ್ಲಿ ಆ ವಾಸನೆ ಯಾರಿಗೂ ಹೊಸದಲ್ಲ. ಅಂದಿನಿಂದ ಎಣ್ಣೆ ಒಡೆಯಲೇ ಇಲ್ಲ. ಭೀಮಯ್ಯ ಹೊಡೆದ, ಬೈದ, ಕೊನೆಗೆ "ನಿನ್ನ ಕೈಗುಣ ಹೋತು" ಎಂದು ಹೊರಗೆ ದಬ್ಬಿದ.

ಐಜಕ್ಕೆ ನಡೆದೇ ಹೋದಳು. ಬಾಗಿಲಲ್ಲಿ ಅಳಿಯ ಎಲ್ಲಪ್ಪ ಅಡ್ಡ ನಿಂತಿದ್ದ.

"ರಜಾಕಾರರಿಗೆ ಸಾಬೂನು ಮಾಡಿಕೊಟ್ಟೀರಿ, ಅತ್ತಿ. ಈ ಮನಿಗೆ ಬರಬ್ಯಾಡ್ರಿ."

ಒಳಗಿನಿಂದ ಆಶಮ್ಮ "ಯವ್ವಾ!" ಎಂದು ಚೀರಿದಳು. ಹೆರಿಗೆ ನೋವು ಶುರುವಾಗಿತ್ತು.

ಜಮ್ಮುಲಮ್ಮ ಅಳಿಯನ ಎದೆಗೆ ಕೈಯಿಟ್ಟು ಅವನನ್ನು ಅಂಗಳಕ್ಕೆ ನೂಕಿ ಒಳಗೆ ಹೋದಳು, ಹೋಗಿ ತಾನೇ ಅಗಳಿ ಹಾಕಿಕೊಂಡಳು.