ಪೆಟ್ಟಿಗೆಗೆ ಬಿಟ್ಟ ನಾಲ್ಕು ಆವರ್ತನ

ತೊಂಬತ್ತರ ದಶಕದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಎಲ್ಲೇ ಸಂಗೀತದ ಬೈಠಕ್ ಆದರೂ ಕರಪತ್ರದ ಕೊನೆಯಲ್ಲಿ ಒಂದು ಸಾಲು ಇರುತ್ತಿತ್ತು. ಗಾಯಕರ ಹೆಸರು ದಪ್ಪ ಅಕ್ಷರದಲ್ಲಿ, ತಬಲಾದವರ ಹೆಸರು ಅದಕ್ಕಿಂತ ಸಣ್ಣದರಲ್ಲಿ, ಆಮೇಲೆ "ಹಾರ್ಮೋನಿಯಂ: ಸ್ಥಳೀಯ ಕಲಾವಿದರು." ಆ ಸ್ಥಳೀಯ ಕಲಾವಿದರು ನಾನೇ. ಬಹುವಚನ ಕೊಟ್ಟು ಹೆಸರು ತಿಂದುಹಾಕುವ ಈ ಮರ್ಯಾದೆಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಶಿರಸಿಯ ಸಂಗೀತ ಸಭೆಯ ಅಧ್ಯಕ್ಷರನ್ನು ಒಮ್ಮೆ ಕೇಳಿಯೂ ಇದ್ದೆ. "ಕೊನೇ ಗಳಿಗೇಲಿ ಯಾರು ಸಿಕ್ತ ಹೇಳಿ ಗೊತ್ತಿರ್ತಿಲ್ಲೆ ತಂಗಿ" ಎಂದರು. ಹತ್ತು ವರ್ಷ ಕೊನೇ ಗಳಿಗೆಯಲ್ಲಿ ಸಿಕ್ಕಿದ್ದು ನಾನೊಬ್ಬಳೇ.

ನನಗೆ ಮದುವೆ ಆಗಿರಲಿಲ್ಲ. ಸಿದ್ದಾಪುರದ ಪೇಟೆಯಲ್ಲಿ ಟೆಲಿಫೋನ್ ಬೂತೊಂದರ ಮೇಲಿನ ಕೋಣೆ ನನ್ನದು. ವಾರದಲ್ಲಿ ಎರಡು ದಿನ ಕಾನಸೂರಿನಲ್ಲಿ, ಮೂರು ದಿನ ಶಿರಸಿಯಲ್ಲಿ ಮಕ್ಕಳಿಗೆ ಸರಿಗಮ ಹೇಳಿಕೊಡುತ್ತಿದ್ದೆ. ನಮ್ಮ ಕಡೆ ಹಾರ್ಮೋನಿಯಂಗೆ ಪೆಟ್ಟಿಗೆ ಎಂದೇ ಹೆಸರು. ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತರೆ ಹಾವೇರಿ ಕಡೆಯ ಕಂಡಕ್ಟರ್ ಬಿಡುತ್ತಿರಲಿಲ್ಲ. "ಅಕ್ಕಾರ, ಇನ್ನೂ ಎಷ್ಟ್ ದಿನ ತೊಡಿ ಮ್ಯಾಲ ಕುಂದ್ರಸ್ಕೋತೀರಿ, ಸಾಲಿಗೆ ಹಾಕ್ರಿ ಇನ್ನ!" ಎಂದು ಇಡೀ ಬಸ್ಸನ್ನು ನಗಿಸುತ್ತಿದ್ದ. ನಾನೂ ನಗುತ್ತಿದ್ದೆ. ಕೋಣೆಗೆ ಬಂದು ಬಾಗಿಲು ತೆಗೆದರೆ ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು.

ನನಗೆ ಕಲಿಸಿದ ಮೇಷ್ಟ್ರು ಒಂದೇ ಮಾತನ್ನು ವರ್ಷಗಟ್ಟಲೆ ಹೇಳಿದ್ದರು. "ಹಾಡವ್ರ ಮೋರೆ ನೋಡಡ. ಗಂಟಲು ನೋಡು." ಗಂಟಲು ನೋಡಿದರೆ ಮುಂದಿನ ಸ್ವರ ಯಾವುದೆಂದು ಅದು ಹೊರಗೆ ಬರುವ ಮೊದಲೇ ತಿಳಿಯುತ್ತದೆ. ಹಾಡುವವರು ಮುಂದೆ, ಪೆಟ್ಟಿಗೆ ಅರ್ಧ ಮಾತ್ರೆ ಹಿಂದೆ. ಅವರು ಉಸಿರಿಗೆ ನಿಂತು ನಮ್ಮ ಕಡೆ ಕೈ ತೋರಿಸಿದರೆ, ಈಗಷ್ಟೇ ಅವರು ಹಾಡಿದ್ದನ್ನೇ ಬಾರಿಸಿ ಅವರಿಗೇ ವಾಪಸು ಕೊಡಬೇಕು. ಮೇಲೆ ಒಂದು ಸ್ವರ ಹೆಚ್ಚಿಗೆ ಹಾಕಿದರೂ ಅದು ಅಧಿಕಪ್ರಸಂಗ. ಇದಕ್ಕೇ ಸಾಥ್ ಎನ್ನುವುದು. ನನಗೆ ಇದು ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ, ಎಷ್ಟೋ ಗಾಯಕರ ಗಂಟಲಿನ ಮಚ್ಚೆ ನೆನಪಿದೆ, ಮುಖ ನೆನಪಿಲ್ಲ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಒಂದು ಬೆಳಿಗ್ಗೆ ಕೆಳಗಿನ ಬೂತಿಗೆ ಅಧ್ಯಕ್ಷರ ಫೋನು ಬಂತು. ಮುಂಬೈಯಲ್ಲಿ ಬೆಳೆದ ಒಬ್ಬ ಗಾಯಕಿ ಬರುತ್ತಿದ್ದಾಳೆ, ತಾಯಿಯ ಕಡೆಯವರು ಯಲ್ಲಾಪುರದವರು, ತಾನೇ ಹಾಡು ಕಟ್ಟಿ ತಾನೇ ಹಾಡುತ್ತಾಳೆ, ಜೊತೆಗೆ ಸ್ಯಾಕ್ಸೋಫೋನು, ಅರಬರ ಚರ್ಮವಾದ್ಯ, ಇನ್ನೂ ಏನೇನೋ ಇದೆ. ಅವಳ ಪೆಟ್ಟಿಗೆಯವನು ಕೈಕೊಟ್ಟಿದ್ದಾನೆ. "ಎಂತೋ ಜಾಝ್ ಅಡ, ಮಿಶ್ರ ಮಾಡದಡ. ಹೋಗ್ತ್ಯಾ?" ಎಂದರು. ಜಾಝ್ ಎಂದರೆ ನನ್ನ ಮಟ್ಟಿಗೆ ರೇಡಿಯೋದಲ್ಲಿ ಬಂದ ಕೂಡಲೇ ಸ್ಟೇಶನ್ ಬದಲಿಸುವ ಸಂಗೀತ. ಆದರೂ "ಹೋಗ್ತೆ" ಎಂದೆ. ಕರೆದಾಗ ಇಲ್ಲ ಎಂದು ನನಗೆ ಅಭ್ಯಾಸವಿರಲಿಲ್ಲ.

ತಾಲೀಮು ಕಿರವತ್ತಿಯಲ್ಲಿ, ಹೆದ್ದಾರಿಯ ಢಾಬಾ ಒಂದರ ಹಿಂದಿದ್ದ ಖಾಲಿ ಗೋದಾಮಿನಲ್ಲಿ. ಗಾಯಕಿಗೆ ನನ್ನದೇ ವಯಸ್ಸು, ನಲವತ್ತರ ಹತ್ತಿರ. ಗೋವಾದ ಸ್ಯಾಕ್ಸೋಫೋನಿನವನು, ಹೂಜಿಯಂಥ ದರ್ಬುಕ ಬಾರಿಸುವ ಒಬ್ಬ ದಪ್ಪ ಮನುಷ್ಯ, ಬೆಲ್ಲಿ ಡಾನ್ಸ್ ಮಾಡುವ ಒಬ್ಬ ಹುಡುಗಿ. ಗಾಯಕಿಯ ಹಾಡು ತತ್ವಪದದ ಹಾಗೆ ಶುರುವಾಗುತ್ತಿತ್ತು, ನಡುವೆ ಠುಮ್ರಿಗೆ ಹೊರಳುತ್ತಿತ್ತು, ಅಷ್ಟರಲ್ಲಿ ಸ್ಯಾಕ್ಸೋಫೋನು ಒಳಗೆ ನುಗ್ಗಿ ಎಲ್ಲವನ್ನೂ ಬೇರೆ ಊರಿಗೆ ಎಳೆದುಕೊಂಡು ಹೋಗುತ್ತಿತ್ತು. ನಾನು ಅವಳ ಗಂಟಲಿಗೆ ಕಣ್ಣು ನೆಟ್ಟು, ಅವಳು ಹೋದಲ್ಲೆಲ್ಲ ಅರ್ಧ ಮಾತ್ರೆ ಹಿಂದೆ ಹೋದೆ. ಅವಳು ಹಾಡು ನಿಲ್ಲಿಸಿ ತಿರುಗಿ ನೋಡಿದಳು.

"ಎಂತಕ್ಕೆ ನನ್ನ ಹಿಂದೇ ಬತ್ತೆ?" ಎಂದು ಕೇಳಿದಳು. ಅಮ್ಮನಿಂದ ಕಲಿತ ನಮ್ಮ ಮನೆಮಾತು ಅವಳ ಬಾಯಲ್ಲಿ ಚೂರು ಚೂರು ಉಳಿದಿತ್ತು.

"ಮತ್ತೆ ಎಲ್ಲಿಗೆ ಹೋಗವು?" ಎಂದೆ. ನಾನು ತಮಾಷೆ ಮಾಡಿದ್ದಲ್ಲ. ಅವಳು ಮಾತ್ರ ಜೋರಾಗಿ ನಕ್ಕಳು.

ಆಮೇಲೆ ಅವರು ಬೆಲ್ಲಿ ಡಾನ್ಸಿನ ಗತ್ತು ಶುರುಮಾಡಿದರು. ಹುಡುಗಿ ಹತ್ತಿಯ ಚೂಡಿದಾರದ ಮೇಲೆ ನಾಣ್ಯ ಪೋಣಿಸಿದ ಪಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಎದ್ದಳು. ಮೊದಲು ನನಗೆ ನಾಚಿಕೆಯಾಯಿತು, ಪೆಟ್ಟಿಗೆಯ ಮೇಲಿನ ಧೂಳು ಒರೆಸುತ್ತ ಕೂತೆ. ಕದ್ದು ನೋಡಿದಾಗ ಒಂದು ವಿಷಯ ಕಂಡಿತು. ದರ್ಬುಕದವನು ಅವಳ ಸೊಂಟ ನೋಡಿ ಪೆಟ್ಟು ಹಾಕುತ್ತಿದ್ದ, ನಾನು ಗಂಟಲು ನೋಡುವ ಹಾಗೆ. ನನ್ನ ಜಾತಿಯವನೇ ಒಬ್ಬ ಸಿಕ್ಕಿದ ಎಂದುಕೊಂಡೆ. ಮರುಕ್ಷಣ ಹುಡುಗಿ ಸುಮ್ಮನೆ ನಿಂತಳು, ಇವನು ತನ್ನ ಪಾಡಿಗೆ ಏನೋ ಬಾರಿಸಿದ, ಈಗ ಅವಳು ಇವನ ಬೆರಳು ನೋಡಿ ಹೊಟ್ಟೆ ಅಲುಗಿಸಿದಳು. ಒಮ್ಮೆ ಇವನು ಹಿಂದೆ, ಒಮ್ಮೆ ಅವಳು ಹಿಂದೆ. ನನಗೆ ಹೊಟ್ಟೆಕಿಚ್ಚಾಯಿತು. ಬಾಗಿಲಲ್ಲಿ ನಿಂತಿದ್ದ ಢಾಬಾದ ಅಜ್ಜಿಗೆ ಮಾತ್ರ ಬೇರೆಯದೇ ಕಂಡಿತ್ತು. "ಚಲೋ ಕುಣೀತಾಳ ಬಿಡ್ರಿ. ನಡಾ ನೋವು ಅನ್ನೋದ ಇಲ್ಲ ಈ ಹುಡುಗಿಗೆ" ಎಂದಳು.

ಹೊರಡುವಾಗ ಗಾಯಕಿ ಹಾಳೆಯಲ್ಲಿ ಬರೆದಿಟ್ಟ ಒಂದು ಹಾಡಿನ ನಡುವೆ ಬೆರಳಿಟ್ಟು, "ಇಲ್ಲಿ ನಾಲ್ಕು ಆವರ್ತನ ನಿಂಗೆ. ಯಾರೂ ಹಾಡ್ತ್ವಿಲ್ಲೆ. ನಿಂಗೆ ಎಂತ ಬೇಕೋ ಬಾರಿಸು" ಎಂದಳು. ಶಿರಸಿಯ ನಂತರ ಅವರು ಹುಬ್ಬಳ್ಳಿ, ಪುಣೆ, ಮುಂಬೈ ಎಂದು ಎರಡು ತಿಂಗಳು ಸುತ್ತುವವರಿದ್ದರು. ಶಿರಸಿಯಲ್ಲಿ ಸರಿಹೊಂದಿದರೆ ನನ್ನನ್ನೂ ಕರೆದೊಯ್ಯುತ್ತೇನೆ ಎಂದಳು. ವಾಪಸು ಬರುವ ಬಸ್ಸಿನಲ್ಲಿ ನಾನು ಪುಣೆಯ ಚಳಿಗೆ ಸ್ವೆಟರ್ ಬೇಕೇ ಎಂದು ಯೋಚಿಸುತ್ತಿದ್ದೆ. ಆ ನಾಲ್ಕು ಆವರ್ತನದ, ತಾಳದ ಆ ನಾಲ್ಕು ಸುತ್ತಿನ, ಬಗ್ಗೆ ಯೋಚಿಸಲಿಲ್ಲ. ಬೈಠಕ್‌ಗಳಲ್ಲಿ ಗಾಯಕರು ಮರ್ಯಾದೆಗೆ ಕೈ ತೋರಿಸುತ್ತಾರಲ್ಲ, ಅಂಥದೇ ಎಂದು ತಿಳಿದಿದ್ದೆ. ಅವಳು ಹಾಡಿದ್ದನ್ನು ಬಾರಿಸಿ ವಾಪಸು ಕೊಟ್ಟರಾಯಿತು.

ಕಾರ್ಯಕ್ರಮ ಶಿರಸಿಯ ಒಂದು ಸಭಾಭವನದಲ್ಲಿ, ಸಂಜೆ ನಾಲ್ಕಕ್ಕೆ. ಅಷ್ಟರಲ್ಲಿ ಅಧ್ಯಕ್ಷರಿಗೆ ಬೆಲ್ಲಿ ಡಾನ್ಸ್ ಎಂದರೇನೆಂದು ಯಾರೋ ಹೇಳಿದ್ದರು. "ವಾದ್ಯ ಅಡ್ಡಿಲ್ಲೆ, ಹಾಡೂ ಅಡ್ಡಿಲ್ಲೆ. ಹೊಟ್ಟೆ ಕುಣಿಸದೊಂದು ಬ್ಯಾಡ. ಹೆಂಗಸ್ರು ಮಕ್ಕ ಎಲ್ಲಾ ಬತ್ತ" ಎಂದರು. ಕುಣಿಯುವವಳೂ ಹೆಂಗಸೇ ಅಲ್ಲವೇ ಎಂದು ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಹುಡುಗಿ ಜಗಳ ಮಾಡಲಿಲ್ಲ. ವೇದಿಕೆಯ ಬದಿಯಲ್ಲಿ ಕುರ್ಚಿ ಹಾಕಿಕೊಂಡು, ಬೆರಳಿಗೆ ಪುಟಾಣಿ ತಾಳ ಸಿಕ್ಕಿಸಿಕೊಂಡು ಕೂತಳು.

ನಮ್ಮ ಊರಿನ ಕೇಳುಗರು ಸಾಮಾನ್ಯರಲ್ಲ. ತೊಡೆಯ ಮೇಲೆ ತಾಳ ಹಾಕುತ್ತ ತಾಳದ ಮೊದಲ ಪೆಟ್ಟಿಗಾಗಿ, ಸಮ್‌ಗಾಗಿ, ಬೆಕ್ಕಿನ ಹಾಗೆ ಕಾಯುತ್ತಾರೆ. ಸ್ಯಾಕ್ಸೋಫೋನಿನವನು ಸಮ್ ದಾಟಿಸಿ ಮುಂದೆ ಹೋದಾಗ ಎರಡನೇ ಸಾಲಿನಿಂದ "ಸಮ್ ಎಲ್ಲಿದ್ದೋ ಮಾರಾಯಾ?" ಎಂದು ಒಂದು ನರಳಾಟ ಕೇಳಿಸಿತು. ಆದರೆ ಆ ಸದ್ದು! ರೇಡಿಯೋದಲ್ಲಿ ಅದು ಹೀಗೆ ಇರಲಿಲ್ಲ. ಎರಡು ಮಾರು ದೂರದಲ್ಲಿ ಕೂತು ಕೇಳುವಾಗ ಅವನ ಉಸಿರು, ಎಂಜಲು, ಕೆನ್ನೆಯ ನಡುಕ ಎಲ್ಲ ಅದರಲ್ಲಿತ್ತು. ನನ್ನ ಎದೆಯ ಗೂಡು ಗುಂಯ್‌ಗುಟ್ಟಿತು. ಬೆಲ್ಲಿ ಡಾನ್ಸಿನ ಗತ್ತು ಬಂದಾಗ ವೇದಿಕೆಯ ನಡುವೆ ಹುಡುಗಿ ಕುಣಿಯಬೇಕಿದ್ದ ಜಾಗ ಖಾಲಿಯಿತ್ತು. ಅವಳು ಕೂತಲ್ಲೇ ತಾಳ ಕುಟ್ಟುತ್ತಿದ್ದಳು, ಕುರ್ಚಿಯ ಕೆಳಗೆ ಹಿಮ್ಮಡಿ ಸುಮ್ಮನಿರಲಿಲ್ಲ. ಮೊದಲ ಸಾಲಿನಲ್ಲಿ ಅಧ್ಯಕ್ಷರ ಪಂಚೆಯೂ ಲಯಕ್ಕೆ ಸರಿಯಾಗಿ ಅಲುಗುತ್ತಿತ್ತು.

ಆಮೇಲೆ ನನ್ನ ಹಾಡು ಬಂತು. ಸ್ಯಾಕ್ಸೋಫೋನು ನಿಂತಿತು. ಗಾಯಕಿ ನನ್ನ ಕಡೆ ಕೈ ತೋರಿಸಿದಳು. ದರ್ಬುಕ ಮಾತ್ರ ಮೆಲ್ಲಗೆ ಎಣಿಸುತ್ತಿತ್ತು. ನಾನು ಅಭ್ಯಾಸಬಲದಿಂದ ಅವಳ ಗಂಟಲು ನೋಡಿದೆ. ಅದು ಅಲುಗಲಿಲ್ಲ. ಒಂದು ಆವರ್ತನ ಹಾಗೇ ಹೋಯಿತು. ಎರಡನೆಯದರಲ್ಲಿ ಅವಳು ಕೊನೆಗೆ ಹಾಡಿದ್ದ ಸಾಲನ್ನು ಬಾರಿಸಿ ಅವಳಿಗೆ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ. ತಲೆಯಾಡಿಸಿ ಇನ್ನೂ ಕಾದಳು. ಆಗ ನನಗೆ ಅರ್ಥವಾಯಿತು. ಇದು ಮರ್ಯಾದೆಯ ಮಾತಾಗಿರಲಿಲ್ಲ, ಅವಳು ನಿಜವಾಗಿಯೂ ಕೊಟ್ಟಿದ್ದಳು. ಇಪ್ಪತ್ತು ವರ್ಷದಲ್ಲಿ ಎಷ್ಟೋ ಗಂಟಲುಗಳ ಸ್ವರ ಬಾರಿಸಿದ್ದೆ, ನನ್ನದು ಎಂದು ಹುಡುಕಿದರೆ ಒಂದೂ ಸಿಗಲಿಲ್ಲ. ಮೂರನೆಯ ಆವರ್ತನ ಪೂರ್ತಿ ಖಾಲಿ ಹೋಯಿತು. ಇಡೀ ಭವನ ನನ್ನ ಕೈಯನ್ನೇ ನೋಡುತ್ತಿತ್ತು, ಯಾರೋ ಕೆಮ್ಮಿದರು.

ನಾಲ್ಕನೆಯದರಲ್ಲಿ ಒಂದು ಕೋಮಲ ಗಾಂಧಾರ ಒತ್ತಿದೆ. ಯಾಕೆ ಅದೇ ಎಂದು ಇವತ್ತಿಗೂ ಗೊತ್ತಿಲ್ಲ, ಬೆರಳು ಅಲ್ಲಿತ್ತು. ಅರ್ಧ ಮಾತ್ರೆ ಬಿಟ್ಟು ಅದೇ ಸ್ವರ ಗಾಯಕಿಯ ಗಂಟಲಿಂದ ಬಂತು. ಮೈಕಿನಿಂದ ದೂರ ಸರಿದು, ಮೆಲ್ಲಗೆ ಹಾಡುತ್ತಿದ್ದಳು. ನಾನು ರಿಷಭಕ್ಕೆ ಇಳಿದೆ, ಅವಳೂ ಇಳಿದಳು. ತಲೆಯೆತ್ತಿದರೆ ಅವಳು ನನ್ನ ಬೆರಳನ್ನೇ ನೋಡುತ್ತಿದ್ದಳು. ನನ್ನ ಹಿಂದೆ ಒಬ್ಬರು ಬರುತ್ತಿದ್ದರು. ಜೀವಮಾನದಲ್ಲಿ ಅದು ಮೊದಲ ಸಲ, ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಕಣ್ಣು ತುಂಬಿ ಪೆಟ್ಟಿಗೆಯ ಕಪ್ಪು ಬಿಳಿ ಮನೆಗಳು ಕಾಣಿಸದಾದವು, ತಿದಿಯಿಂದ ಕೈ ಜಾರಿತು. ಸ್ಯಾಕ್ಸೋಫೋನಿನವನು ಗಡಿಬಿಡಿಯಲ್ಲಿ ಒಳಗೆ ಬಂದು ಹಾಡನ್ನು ಎತ್ತಿಕೊಂಡ.

ಮುಗಿದ ಮೇಲೆ ಚಹಾದ ಹೊತ್ತಿಗೆ ಗಾಯಕಿ ಹತ್ತಿರ ಬಂದು, "ನಾಳೆ ಬೆಳಿಗ್ಗೆ ವ್ಯಾನು ಹೊರಡ್ತು. ಬತ್ಯಾ?" ಎಂದಳು. ಬೈಯುತ್ತಾಳೆಂದು ತಿಳಿದಿದ್ದೆ.

"ಆನು ಎರಡೇ ಸ್ವರ ಬಾರಿಸಿದ್ದು" ಎಂದೆ.

"ಎರಡೂ ನಿಂದೇ ಆಗಿತ್ತಲೇ" ಎಂದಳು.

ಮಕ್ಕಳ ಪರೀಕ್ಷೆ ಇದೆ, ಮುಂದಿನ ಸಲ ಬರುತ್ತೇನೆ ಎಂದೆ. ಯಾವ ಪರೀಕ್ಷೆಯೂ ಇರಲಿಲ್ಲ. ದಿನಾ ಸಂಜೆ ನಾಲ್ಕು ಆವರ್ತನ ನನ್ನ ಮುಂದೆ ಬಾಯಿ ತೆರೆದು ನಿಲ್ಲುತ್ತದೆ ಎಂಬ ಹೆದರಿಕೆ ಅಷ್ಟೇ. ಅವಳಿಗೆ ಅದು ಗೊತ್ತಾಯಿತೆಂದು ಕಾಣುತ್ತದೆ, ಒತ್ತಾಯ ಮಾಡದೆ ನನ್ನ ವಿಳಾಸ ಬರೆದುಕೊಂಡಳು. ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ನನಗೆ ಹಲ್ಲೂ ಇತ್ತು, ಬಾಯಿ ತೆರೆಯಲಿಲ್ಲ. ಮರುದಿನ ಕಾನಸೂರಿನಲ್ಲಿ ಮಕ್ಕಳಿಗೆ ಸರಿಗಮ ಹೇಳಿಕೊಡುವಾಗ, ವ್ಯಾನು ಈಗ ಕಿರವತ್ತಿ ದಾಟಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಹೋಗಬೇಕಿತ್ತು. ಅದಕ್ಕಿಂತ ದೊಡ್ಡ ತಪ್ಪನ್ನು ನಾನು ಬದುಕಿನಲ್ಲಿ ಮಾಡಿಲ್ಲ.

ಅಲ್ಲಿಂದ ಮುಂದೆ ಕೋಣೆ ಬೇರೆಯಾಯಿತು. ಅದೇ ಗೋಡೆ, ಅದೇ ಲೋಟ, ಆದರೆ ಒಂದು ಸ್ವರ ಒತ್ತಿದರೆ ಕೈ ತಾನಾಗಿ ನಿಂತು ಕಾಯುತ್ತಿತ್ತು. ಯಾರೂ ಬರುತ್ತಿರಲಿಲ್ಲ. ಮೊದಲೂ ಯಾರೂ ಬರುತ್ತಿರಲಿಲ್ಲ, ಆದರೆ ಆಗ ನಾನು ಕಾಯುತ್ತಿರಲಿಲ್ಲ.

ವರ್ಷದ ಮೇಲೆ ಅಂಚೆಯಲ್ಲಿ ಒಂದು ಸಿ.ಡಿ. ಬಂತು, ಶಿರಸಿಯ ಕಾರ್ಯಕ್ರಮದ್ದು. ನನ್ನ ಬಳಿ ಅದನ್ನು ಹಾಕುವ ಯಂತ್ರ ಇರಲಿಲ್ಲ. ಕೆಳಗಿನ ಬೂತು ಅಷ್ಟರಲ್ಲಿ ಝೆರಾಕ್ಸ್ ಅಂಗಡಿಯಾಗಿ, ಅಲ್ಲೊಂದು ಕಂಪ್ಯೂಟರ್ ಬಂದಿತ್ತು. ಅಂಗಡಿಯವನು ಗಿರಾಕಿ ಇಲ್ಲದ ಮಧ್ಯಾಹ್ನ ಹಾಕಿ ಕೊಟ್ಟ. ಹಾಡುಗಳು ಒಂದೊಂದಾಗಿ ಹೋದವು. ನನ್ನ ಹಾಡಿನಲ್ಲಿ ಆ ಜಾಗವನ್ನು ಕತ್ತರಿಸಿರುತ್ತಾರೆ ಎಂದುಕೊಂಡಿದ್ದೆ. ಕತ್ತರಿಸಿರಲಿಲ್ಲ. ಸ್ಯಾಕ್ಸೋಫೋನು ನಿಂತಿತು. ದೂರದ ದರ್ಬುಕ, ಯಾರದೋ ಕೆಮ್ಮು, ಹೊರಗೆ ಬಸ್ಸಿನ ಹಾರನ್ನು, ನನ್ನ ತಿದಿಯ ಕಿರುಗುಟ್ಟು, ನಾನು ವಾಪಸು ಕೊಟ್ಟ ಅವಳ ಸಾಲು. ಆಮೇಲೆ ಉದ್ದಕ್ಕೂ ಏನೂ ಇಲ್ಲ.

ಅಂಗಡಿಯವನು ಪರದೆಯ ಹತ್ತಿರ ಬಗ್ಗಿ ಮೌಸಿಗೆ ಕೈ ಹಾಕಿದ. "ಇಲ್ಲಿ ಎಂತೋ ಕೆಟ್ಟೋಜು ಅಕ್ಕಾ. ಮುಂದೆ ಓಡಿಸ್ಲಾ?"

"ಓಡಿಸಡ" ಎಂದು ಅವನ ಕೈ ತಡೆದೆ. "ಅದು ಆನು."